ಕಾಲ್ತೆಗೆಯಬಾರದ ಜಾಗ

ಭಾನುವಾರ ಏಳು ಗಂಟೆ. ಎಫ್ರೇಟಾದ ಹಳೇ ವಾಯುನೆಲೆಯಲ್ಲಿ
ಮೂವತ್ತು ಜನ ತಲೆ ತಗ್ಗಿಸಿ ನಡೆಯುತ್ತಿದ್ದೇವೆ
ಉಂಗುರ ಕಳೆದುಕೊಂಡವರ ಹಾಗೆ.
ಕಿತ್ತಳೆ ಕೋನುಗಳ ನಡುವಿನ ದಾರಿಯನ್ನು
ಬಾಯಿಪಾಠ ಮಾಡಿಕೊಳ್ಳುವುದು ಹೀಗೇ:
ಎಡ, ಬಲ, ಮತ್ತೆ ಎಡ, ಐದು ಕೋನುಗಳ ಹೆಣಿಗೆ,
ಆಮೇಲೆ ಕಾಂಕ್ರೀಟಿನ ಸೀಳಿನಲ್ಲಿ ಹುಲ್ಲೆದ್ದ ಕಡೆ
ಆ ದೊಡ್ಡ ಬಲತಿರುವು.
"ಅಲ್ಲಿ ನಿನಗೆ ಹೆದರಿಕೆಯಾಗುತ್ತದೆ" ಅಂದ ಲೈಲ್ ಒಕಾಡಾ.
ಅಷ್ಟೇ. ಈರುಳ್ಳಿ ಬೆಳೆಯುವವನು, ಮಾತು ಕಡಿಮೆ.

ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು.
ಹಳದಿ ಬಸ್ಸು, ನಲವತ್ತು ಅಡಿ, ಅರವತ್ತಾರು ಮಕ್ಕಳು.
ಹಿಮ ಬಿದ್ದ ದಿನವೂ ಒಬ್ಬರ ಹಾಲು ಚೆಲ್ಲಿದ್ದಿಲ್ಲ.
ಅನುಮಾನವೇ? ಕಾಲು ತೆಗಿ. ಬ್ರೇಕು ಒತ್ತು.
ರೈಲು ಹಳಿ ಬಂದರೆ ನಿಲ್ಲು, ಬಾಗಿಲು ತೆರೆ, ಕಿವಿಗೊಡು.
ನನ್ನ ಬಲಗಾಲಿಗೆ ಗೊತ್ತಿದ್ದ ಧರ್ಮ ಅದೊಂದೇ.

ನಿವೃತ್ತಿಯಾದ ವಾರವೇ ಈ ಕಾರು ಕೊಂಡೆ.
ತೊಂಬತ್ತೊಂದರ ಟೊಯೊಟಾ, ಎರಡೇ ಸೀಟು,
ಬಿಸಿಲು ತಿಂದು ಕೆಂಪು ಹೋಗಿ ಗುಲಾಬಿ.
ಬಾನೆಟ್ಟೆತ್ತಿದರೆ ಒಂದು ಸ್ಟೆಪ್ನಿ, ಯಾರೋ ಬಿಟ್ಟುಹೋದ ಛತ್ರಿ.
ಎಂಜಿನ್ನು ಇರುವುದು ನನ್ನ ಬೆನ್ನಿಗೆ, ಗೇಣು ದೂರದಲ್ಲಿ.
"ಅರವತ್ತೊಂದಕ್ಕೆ ಇದೇನು ಹುಚ್ಚು?" ತಂಗಿ ನಕ್ಕಳು.
ಬೆನ್ನ ಹಿಂದೆ ಗದ್ದಲವಿಲ್ಲದೆ
ನನಗೆ ಓಡಿಸಲು ಬರುವುದಿಲ್ಲ ಕಣೇ, ಅಂದೆ.

ಮೊದಲ ಸುತ್ತು.
ಹೆಣಿಗೆ ಚೆನ್ನಾಗೇ ಆಯಿತು.
ದೊಡ್ಡ ತಿರುವಿನಲ್ಲಿ ಹೆದರಿಕೆ ಬಂತು,
ಹೇಳಿಟ್ಟ ಜಾಗದಲ್ಲೇ, ಹೇಳಿಟ್ಟ ನೆಂಟನಂತೆ.
ಕಾಲ್ತೆಗೆದೆ.
ಕಾರು ಬಾಲ ಬಿಚ್ಚಿತು.
ಆಕಾಶ, ಗೋಧಿಹೊಲ, ಬಾಡಿಗೆಯ ಶೌಚಾಲಯ, ಆಕಾಶ,
ಬುಗುರಿಯಂತೆ ಒಂದೂವರೆ ಸುತ್ತು.
ನಿಂತಾಗ ಬಂದ ದಾರಿಗೇ ಮುಖ ಮಾಡಿದ್ದೆ.
ಎದುರಿಗೆ ಕೆಂಪು ಬಾವುಟ. ಅಡಿಯಲ್ಲೆಲ್ಲೋ ಸಿಕ್ಕಿಕೊಂಡ ಕೋನು.
ವೈಪರು ಓಡುತ್ತಿತ್ತು, ಯಾವಾಗ ಹಾಕಿದೆನೋ.

ಲೈಲ್ ಬೈಯಲಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಕಾರು ಬರೆದ,
ಸೀಟಿನ ಹಿಂದೆ ಒಂದು ಕಲ್ಲಿಟ್ಟ.
"ಭಾರ ಇಲ್ಲಿದೆ. ತಿರುಗು ಅಂದರೆ ತಟ್ಟನೆ ತಿರುಗುತ್ತೆ,
ಸಾಕು ಅಂದರೆ ಕೇಳಲ್ಲ.
ಕಾಲು ತೆಗೆದೆಯೋ, ಭಾರ ಮುಂದಕ್ಕೋಡುತ್ತೆ,
ಹಿಂದಿನ ಚಕ್ರಕ್ಕೆ ನೆಲದ ಹಂಗು ತಪ್ಪುತ್ತೆ.
ಹೆದರುವುದಿದ್ದರೆ ತಿರುವಿಗೆ ಮುಂಚೆ ಹೆದರಿ ಮುಗಿಸು.
ಒಳಗೆ ಹೋದಮೇಲೆ ಮನಸ್ಸು ಬದಲಿಸಬೇಡ."
ಅವನು ಅಷ್ಟು ಮಾತಾಡಿದ್ದು ಅದೇ ಮೊದಲಂತೆ.

ಮಧ್ಯಾಹ್ನ ಕೋನು ಎತ್ತಿಡುವ ಪಾಳಿ.
ನನ್ನ ಜೊತೆ ಮರಿಸೇಲಾ ಇಬಾರಾ,
ಆಲೂಗಡ್ಡೆ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ನೇರ ಬಂದವಳು,
ಈ ಬಯಲಲ್ಲಿ ಎಲ್ಲರಿಗಿಂತ ವೇಗದವಳು,
ಒಂದನೇ ಕ್ಲಾಸಿನಲ್ಲಿ ನನ್ನ ಬಸ್ಸಿನ ಮೂರನೇ ಸೀಟಿನಲ್ಲಿ
ವಾಂತಿ ಮಾಡಿಕೊಂಡಿದ್ದವಳು.
"ಎದುರಿನ ಕೋನು ನೋಡ್ಬೇಡಿ ಮಿಸ್ ಆರ್ಡಿಸ್.
ಅದು ಮುಗಿದ ಕಥೆ. ಅದರಾಚೆಯದು ನೋಡಿ."
ಗಾಳಿಗೆ ಅವಳ ಬಾವುಟ ಪಟಪಟ.

ನಾಲ್ಕನೇ ಸುತ್ತು.
ಹುಲ್ಲು ಬಂತು. ಹೆದರಿಕೆ ಬಂತು.
ಹೆಬ್ಬೆರಳಿಂದ ಮಂಡಿಯವರೆಗೆ ಕಾಲು
ನಡುಗಿತು, ತೆಗೆಯಲಿಲ್ಲ.
ಹಿಂಬದಿ ಒಂದಿಷ್ಟು ಜಾರಿ,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಜಾರಿ,
ಮತ್ತೆ ನೆಲ ಹಿಡಿಯಿತು.
ಆ ಖುಷಿಗೆ ಕೊನೆಯ ಕೋನು ಕಾಣಲೇ ಇಲ್ಲ.
ಎರಡು ಸೆಕೆಂಡು ದಂಡ. ಮೊದಲಿಂದ ಕೊನೆಯವರೆಗೆ ಎಣಿಸಿದರೆ
ನಾನು ಇಪ್ಪತ್ತೊಂಬತ್ತನೆಯವಳು;
ಮೂವತ್ತನೆಯವನ ಗೇರ್‌ಬಾಕ್ಸು ಮುರಿದಿತ್ತು.

ಮನೆಗೆ ಹೋಗುವಾಗ ರೈಲು ಹಳಿ.
ನಿಲ್ಲಿಸಿ, ಬಾಗಿಲು ತೆರೆದು, ಕಿವಿಗೊಟ್ಟೆ.
ರೈಲಿರಲಿಲ್ಲ. ಹಿಂದಿನ ಲಾರಿಯವ ಹಾರನ್ನು ಒತ್ತಿದ.
ಒತ್ತಲಿ.
ಬೆನ್ನಿಗೆ ಎಂಜಿನ್ನು ಗುನುಗುತ್ತ ಕೂತಿತ್ತು,
ಕೊನೆಯ ಸ್ಟಾಪಿನಲ್ಲೂ ಇಳಿಯಲೊಲ್ಲದ ಮಗು.