ಬೆನ್ನಿನಾಗ ಜಾಗ

ಕಾಗದಕ್ಕೂ ಒಂದು ದಿಕ್ಕು ಇರತದ.
ಒಂದು ಕಡೆ ಮಡಚಿದರ ಸುಮ್ಮನ ಬಾಗತದ,
ಇನ್ನೊಂದು ಕಡೆ ಕರಕರ ಅಂತ ತಕರಾರು ತಗೀತದ.
ಇದು ಲಾಡ್ಲೇಸಾಬ ಹೇಳಿಕೊಟ್ಟ ಮೊದಲನೇ ಪಾಠ.
ವಾಡಿ ಸ್ಟೇಷನ್ ಹಿಂದ ಆರು ಫೂಟಿನ ಅಂಗಡಿ.
ಪಂಚಾಯ್ತಿ ದಫ್ತರ, ಕಿರಾಣಿಯವರ ಖಾತೆ ವಹಿ,
ಹಾಳಿ ಹರಿದ ಕುರಾನು, ಬೆನ್ನು ಮುರಿದ ಪುರಾಣ,
ಎಲ್ಲಾ ಒಂದೇ ಫರ್ಶಿ ಕೆಳಗ ಮಲಗತಿದ್ದವು.
ಶಹಾಬಾದ ಕಲ್ಲು, ಹದಿನೆಂಟು ಕಿಲೋ.
"ಇದಕ್ಕಿಂತ ಚಲೋ ಮಶೀನು ಯಾವ ದೇಶದಾಗೂ ಇಲ್ಲ" ಅಂತಿದ್ದ.

"ಜಿಲ್ದ್ ಅಂದ್ರ ಪುಸ್ತಕದ ರಟ್ಟು,
ಜಿಲ್ದ್ ಅಂದ್ರ ಮೈ ತೊಗಲು.
ನಮ್ಮ ಉರ್ದುವಿನಾಗ ಎರಡಕ್ಕೂ ಒಂದೇ ಮಾತು, ಬೇಟಿ.
ಸೂಜಿ ಸಾವಕಾಶ."

ನಾ ಹಿಡದದ್ದು ದೊಡ್ಡ ರಿಜಿಸ್ಟರ್ ಅಲ್ಲ.
ಅಂಗೈಯಷ್ಟು ಆಲ್ಬಮ್ಮು, ಹುಟ್ಟಿದ ಹಬ್ಬದ ಕಾರ್ಡು,
ಬಾಜಾಪೆಟಗಿಯಂಗ ಉದ್ದಕ ಹಿಗ್ಗೋ ಮಡಿಕಿ ಪುಸ್ತಕ.
ಪ್ರೆಸ್ಸಿನವರು ಒಗದ ಲಗ್ನಪತ್ರಿಕಿ ಅಂಚು,
ಸೀರಿ ಡಬ್ಬಿ ರಟ್ಟು,
ಸಿಮೆಂಟ್ ಚೀಲದ ಒಳಗಿನ ಖಾಕಿ ಪದರು
(ಎಷ್ಟು ಝಾಡಿಸಿದರೂ ಮೂರು ದಿನ ಬೂದಿ ಉದುರತದ).
ಹಲ್ಲು ಹೋದ ಬಾಚಣಿಕಿ ಬೆನ್ನಿಲೆ ಮಡಿಕಿ ತೀಡತೀನಿ.

ಮೊದಲನೇ ಆಲ್ಬಮ್ಮು ಬಿಗಿ ಅಂದ್ರ ಬಿಗಿ ಹೊಲದಿದ್ದೆ,
ಹಾಳಿ ನಡುವ ಕೂದಲ ತೂರದಂಗ.
ಫೋಟೋ ಹಚ್ಚಿದ ಮ್ಯಾಲ ಬಾಯಿ ತೆರೀತು,
ಮುಚ್ಚಲೇ ಇಲ್ಲ.
ಲಾಡ್ಲೇಸಾಬ ಕೆಮ್ಮಿಕೋತ ನಕ್ಕ:
"ಇನ್ನೂ ಹಚ್ಚಲಾರದ್ದಕ್ಕ ಬೆನ್ನಿನಾಗ ಜಾಗ ಬಿಡಬೇಕು."
ಅವತ್ತಿನಿಂದ ಎರಡು ಹಾಳಿ ನಡುವ
ಸಣ್ಣದೊಂದು ಖಾಲಿ ಪಟ್ಟಿ ಸೇರಿಸಿ ಹೊಲೀತೀನಿ.
ನೋಡಿದವರು, ಇದೇನು ವೇಸ್ಟು, ಅಂತಾರ.

ಇಂದುಮತಿದು ಪಾರಿಜಾತದ ದೇಟಿನ ಬಣ್ಣ.
ಹನ್ನೆರಡು ಹಾಳಿ, ಎರಡು ಕಳ್ಳಗಿಸೆ,
ನಡುವ ತೆರೆದರ ಎದ್ದು ನಿಲ್ಲೋ ಕಾಗದದ ಹಂದರ.
ಮ್ಯಾಲ ಚೌಕ ಚೀಟಿಯಾಗ ಜೋಡಿ ಹೆಸರು:
ಇಂದುಮತಿ, ರೇವಣಸಿದ್ಧ.
ನಾಕು ತಿಂಗಳಿಗೆ ನಿಶ್ಚಯ ಮುರೀತು.
ಯಾಕ ಅಂತ ನಾ ಕೇಳಿಲ್ಲ, ಊರು ಕೇಳೇದ.

ಮಟಮಟ ಮಧ್ಯಾಹ್ನ ಬಂದಳು, ಚಪ್ಪಲಿ ಸುದ್ದಾ ಬಿಡಲಿಲ್ಲ.
"ಹೆಸರು ತಗಿ. ಆಲ್ಬಮ್ ನನಗ ಬೇಕು,
ರೊಕ್ಕ ಕೊಟ್ಟೀನಿ."
ಮ್ಯಾಲೊಂದು ಹೂವು ಹಚ್ಚಲೇನು?
"ಮುಚ್ಚಬ್ಯಾಡ. ತಗಿ."

ಪುಣ್ಯಕ್ಕ ನಾ ಮೈದಾ ಗಂಜಿ ಹಚ್ಚಿದ್ದೆ,
ಹುಳ ಬೀಳದಂಗ ಒಂದು ಚಿಟಿಕಿ ಮೈಲುತುತ್ತ ಹಾಕಿ.
ಫೆವಿಕಾಲ ಹಿಡೀತಂದ್ರ ಬಿಡೂದಿಲ್ಲ,
ಎಳದರ ತೊಗಲು ಕಿತಗೊಂಡು ಬರತದ.
ಗಂಜಿ ಹಂಗಲ್ಲ.
ನೀರು ಕೇಳತದ, ಹೊತ್ತು ಕೇಳತದ.
ಅರಿವಿ ತೋಯಿಸಿ, ಹಿಂಡಿ, ಚೀಟಿ ಮ್ಯಾಲ ಇಟ್ಟೆ.
ಇಬ್ಬರೂ ಕಾದಿವಿ.
ಗೂಡ್ಸ್ ಗಾಡಿ ಒಂದು ಹೋತು.
ಐವತ್ತೆಂಟು ಡಬ್ಬಿ, ಅಂದಳು.

ಮೂಲಿಯಿಂದ ಬ್ಲೇಡಿನ ಬೆನ್ನಿಲೆ ಮೆಲ್ಲಕ ಎತ್ತಿದೆ.
ಬಂತು. ಅಕ್ಷರ ಒಂದೂ ಕದಡಲಿಲ್ಲ.
ನಿನ್ನ ಹೆಸರೂ ಹೋತಲ್ಲ ಇಂದೂ, ಅಂದೆ.
"ನಂದು ನಾ ಬರಕೋತೀನಿ."
ಹಸಿ ಚೀಟಿ ಕಿಡಕಿ ಕಟ್ಟಿ ಮ್ಯಾಲ ಒಣಗಲಿಕ್ಕ ಇಟ್ಟಳು.
ಹೋಗೂ ಮುಂದ ಮರತಳೋ, ಬಿಟ್ಟಳೋ.

ಹ್ವಾದ ವಾರ ದಾರ ಬಿಗೀ ಮಾಡಿಸಲಿಕ್ಕ ತಂದಿದ್ದಳು.
ಬಿಸಿಲಿಗೆ ಬಣ್ಣ ಮಾಸೇದ,
ಚೀಟಿ ಇದ್ದ ಚೌಕ ಅಷ್ಟೇ ಹೊಸಾದು ಹೊಸಾದಂಗ.
ಅಲ್ಲಿ ಇನ್ನೂ ಏನೂ ಬರದಿಲ್ಲ.
ಒಳಗ ಸೇಡಂ ಬಸ್ಸಿನ ಟಿಕೇಟು, ಬಿ.ಎಡ್. ಹಾಲ್ ಟಿಕೇಟು,
ಚಪ್ಪಟಿಯಾದ ತೊಗರಿ ಹೂವು,
ಕಳ್ಳಗಿಸೆದಾಗ ಅಣ್ಣನ ಮಗಳ ಉದುರಿದ ಹಲ್ಲು.
ಬೆನ್ನು ಹಿಡದದ. ಇನ್ನೂ ಬೆರಳಷ್ಟು ಜಾಗ ಅದ.

ನಡುವಿನ ಹಾಳಿ ತೆರೆದರ ಹಂದರ ಎದ್ದು ನಿಂತಿತು,
ಒಂದು ಕಂಬ ಸೊಟ್ಟ.
ಇದನ್ನೂ ತಗದು ಬಿಡಲೇನು?
"ಇರಲಿ ಬಿಡು" ಅಂದಳು,
"ಈ ಬಿಸಿಲಾಗ ನೆರಳಿಗಾಗತದ."