ಹತ್ತು ಮೀಟರಿನ ಚೌಕ

ಐದು ದಿನಕ್ಕೊಮ್ಮೆ, ಬೆಳಗಿನ ಹತ್ತೂವರೆಯ ಆಸುಪಾಸು
ನಮ್ಮ ನೆತ್ತಿಯ ಮೇಲೆ ಅದು ಹಾದುಹೋಗುತ್ತದೆ.
ಸದ್ದಿಲ್ಲ. ನೆರಳೂ ಇಲ್ಲ.
ಪರನಾ ಸೀಮೆಯಲ್ಲಿ, ಅಸ್ಸಾಯಿ ದಾಟಿದ ಮೇಲಿನ ನೇರಳೆಗೆಂಪು ಮಣ್ಣಲ್ಲಿ ನಿಂತು
ಒದಾಯಿರ್ ಟೋಪಿ ತೆಗೆದು ಬೀಸುತ್ತಾನೆ, ಪ್ರತಿಸಲ,
ಬದುವಿನಿಂದ ಬಸ್ಸಿಗೆ ಬೀಸಿದ ಹಾಗೆ.

ಕೆಂಪು ಬೆಳಕನ್ನು ಸೋಯಾ ಉಣ್ಣುತ್ತದೆ.
ಕೆಂಪಿನಾಚೆಯದು, ನಮ್ಮ ಕಣ್ಣಿಗೆ ದಕ್ಕದ್ದು,
ಅದಕ್ಕೆ ಬೇಡ.
ಸಾಕು ಸಾಕೆಂದು ಎಲೆಗೆ ಅಡ್ಡ ಕೈ ಹಿಡಿವ ನೆಂಟನಂತೆ
ತಿರುಗಿಸಿ ಕಳಿಸುತ್ತದೆ ಆಕಾಶಕ್ಕೆ.
ಆ ಬೇಡವೆಂದದ್ದನ್ನು ಎಣಿಸುವುದು ನನ್ನ ಕಸುಬು.
ಹೊಟ್ಟೆ ತುಂಬಿದ ಪೈರು ಜೋರಾಗಿ ಬೇಡವೆನ್ನುತ್ತದೆ.
ತುಕ್ಕು ಹತ್ತಿದ ಎಲೆಗೆ
ಬೇಡವೆನ್ನುವ ತ್ರಾಣವೂ ಇರುವುದಿಲ್ಲ.

ಜನವರಿಯ ಮೋಡ ಹರಿದ ಒಂದು ಗುರುವಾರ
ಪರದೆಯ ಹಸಿರಿನ ನಡುವೆ ನಾಲ್ಕು ಚೌಕ ಪೇಲವ.
ಹೋದ ವರ್ಷವೂ ಅಲ್ಲೇ. ಅದರ ಹಿಂದಿನ ವರ್ಷವೂ.
ರೋಗ ಇಷ್ಟು ವಿಳಾಸ ನೆನಪಿಟ್ಟುಕೊಂಡು ಬರುವುದಿಲ್ಲ.

ಮಂಗಳವಾರ ಹೋದೆವು. ತೊಡೆಮಟ್ಟದ ಸಾಲುಗಳಲ್ಲಿ
ಇಬ್ಬನಿಗೆ ಪ್ಯಾಂಟು ತೊಯ್ದು ಭಾರ.
ಎಲೆ ಮಗುಚಿ ಭೂತಗನ್ನಡಿ ಹಿಡಿದೆ:
ಬೊಕ್ಕೆಯಿಲ್ಲ, ಪುಡಿಯಿಲ್ಲ.
ಮಣ್ಣಿಗೊತ್ತಿದ ಸಲಾಕೆ ಮಾತ್ರ
ಗೇಣಾಳಕ್ಕೆ ಠಣ್ಣೆಂದು ನಿಂತುಬಿಟ್ಟಿತು.

ಛತ್ರಿ ಹಿಡಿದು ಬಂದರು ದೋನಾ ಫುಸಾಯೆ,
ಹೊಲದೊಡತಿ, ಎಂಬತ್ತೊಂದು. ಹಿಂದೆ ನಾಯಿ.
"ಇಲ್ಲಿ ಕಾಫಿ ಒಣಗಿಸುವ ಕಣವಿತ್ತು.
ಇಟ್ಟಿಗೆ ಹಾಸಿದವರು ನಮ್ಮಪ್ಪ.
ಎಪ್ಪತ್ತೈದರ ಜುಲೈ, ಒಂದೇ ರಾತ್ರಿಯ ಹಿಮ;
ಬೆಳಗಾದರೆ ಗಿಡವೆಲ್ಲ ಕರಕಲು, ಬೆಂಕಿಯೇ ಇಲ್ಲದೆ.
ಆಮೇಲೆ ಸೋಯಾ.
ಬುಲ್ಡೋಜರಿನವನು ಇಟ್ಟಿಗೆ ಕೀಳಲಿಲ್ಲ,
ಮೇಲೆ ಮಣ್ಣೆಳೆದು ಹೋದ.
ಅವನಿಗೆ ಊಟದ ಹೊತ್ತಾಗಿತ್ತು."

ಮೂರು ವರ್ಷ. ಎರಡು ಪ್ರಬಂಧದ ಅಡಿಟಿಪ್ಪಣಿ.
ನಮ್ಮನ್ನು ಕೇಳಬಹುದಿತ್ತಲ್ಲ ಎಂದು ಅವರು ಅನ್ನಲಿಲ್ಲ.
ಕೇಳಿದ್ದು ಬೇರೆ:
"ನಾನು ಕಾಣುತ್ತೇನಾ ಅದಕ್ಕೆ?"

ಇಲ್ಲ, ಎಂದೆ. ಹತ್ತು ಮೀಟರಿಗೆ ಒಂದು ಚೌಕ,
ಚೌಕಕ್ಕೆ ಒಂದೇ ಬಣ್ಣ.
ನೀವು, ನಾಯಿ, ನಾನು, ಒದಾಯಿರನ ಟೋಪಿ, ಸುತ್ತಲ ಪೈರು,
ಎಲ್ಲ ಕಲಸಿ ಒಂದು ಸರಾಸರಿ.

"ಹಾಗಾದರೆ ನನ್ನಿಂದ ಒಂಚೂರು ಹಸಿರು ಕೆಡುತ್ತದೆ"
ಎಂದವರು ನಕ್ಕರು. ಛತ್ರಿ ಮಡಿಸಿ
ಅಲ್ಲೇ ನಿಂತರು, ಇಟ್ಟಿಗೆಯ ಮೇಲೆ, ಮುಖ ಮೇಲೆತ್ತಿ.
ಗಡಿಯಾರ ಹತ್ತು ಇಪ್ಪತ್ತೆಂಟು.

ನಮೂನೆಯಲ್ಲಿ ರೋಗ, ಕೀಟ, ನೀರಿನ ಕೊರತೆ, ಇತರೆ.
ಇತರೆಯಲ್ಲಿ ಬರೆದೆ: ಕಣ.

ಆ ಬೆಳಗಿನ ಚಿತ್ರ ಬಂದಾಗ
ನಾವು ನಿಂತ ಚೌಕದ ಅಂಕಿ
ಮೂರನೇ ದಶಮಾಂಶದಲ್ಲಿ ಇಳಿದಿತ್ತು.
ಇಂಥದ್ದಕ್ಕೆ ಗದ್ದಲ ಎಂದು ಗುರುತು ಹಾಕುವುದು ವಾಡಿಕೆ.
ಹಾಕಲಿಲ್ಲ.
ಒದಾಯಿರ್ ಮಾತ್ರ
ಅದು ತನ್ನ ಟೋಪಿಯದೇ ಎನ್ನುತ್ತಾನೆ.