ನಾಲ್ಕು ಸೆಕೆಂಡಿನ ಬಾಗಿಲು

ರಾತ್ರಿ ಒಂಬತ್ತಕ್ಕೆ ಹೊಸ ಸರಣಿಯ ಮೂರನೆಯ ಕಂತು.
ಹೊರಗೆ ಮಾಂಟ್ರಿಯಲ್ಲಿನ ಹಿಮ ಗೋರುವ ಗಾಡಿ
ಕಿತ್ತಳೆ ದೀಪ ತಿರುಗಿಸುತ್ತ ಬೀದಿ ಕೆರೆಯುತ್ತಿದೆ.
ಸೋಫಾದಲ್ಲಿ ನಾನು, ತಂಗಿಯ ಮಗ ಆನ್ಸೆಲ್ಮ್,
ನಡುವೆ ಆಲೂಗಡ್ಡೆ ಕರಿದದ್ದು, ಚೀಸು ತಣ್ಣಗಾಗಿ ಹಗ್ಗ.

ಪರದೆಯ ಮೇಲೆ ನೌಕೆಯ ಓಣಿ.
ಕ್ಯಾಪ್ಟನ್ ಬಂದಳು, ಬಾಗಿಲ ಮುಂದೆ ನಿಂತಳು.
ಬಾಗಿಲು ಮೊದಲು ಉಸಿರು ಬಿಟ್ಟಿತು.
ಮೂರು ಹಲ್ಲು ಒಂದೊಂದಾಗಿ ಹಿಂದೆ ಸರಿದವು.
ಹಳದಿ ದೀಪ ಹಸಿರಾಯಿತು.
ಆಮೇಲಷ್ಟೇ ತೆರೆಯಿತು.

"ದೊಡ್ಡಮ್ಮಾ," ಎಂದ ಆನ್ಸೆಲ್ಮ್ ಬಾಯಲ್ಲಿ ತುತ್ತಿಟ್ಟುಕೊಂಡೇ,
"ಇದು ನಿನ್ನ ಬಾಗಿಲು."

ನನ್ನದೇ.
ಹದಿನಾರು ವರ್ಷದ ಹಿಂದೆ
ಅಂಗಿ ಹೊಲಿಯುವ ಕಾರ್ಖಾನೆಯಾಗಿದ್ದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ
ಒಂದು ವಿಡಿಯೊ ಗೇಮಿಗೆ ಮಾಡಿದ್ದು.
(ಹಲಗೆಯ ಸಂದಿಯಲ್ಲಿ ಆಗಲೂ ಗುಂಡುಸೂಜಿ ಸಿಗುತ್ತಿದ್ದವು.)
ಬಾಗಿಲಾಚೆಯ ಕೋಣೆ ಇನ್ನೂ ಹುಟ್ಟಿರುತ್ತಿರಲಿಲ್ಲ.
ಅದರ ಗೋಡೆ, ನೆರಳು, ಮೂಲೆಯಲ್ಲಿ ಅವಿತ ವೈರಿ
ಡಿಸ್ಕಿನಿಂದ ಎದ್ದು ಬರಲು ನಾಲ್ಕು ಸೆಕೆಂಡು ಬೇಕು.
ಅಷ್ಟು ಹೊತ್ತು ಆಡುವವನನ್ನು ಹೊಸ್ತಿಲಲ್ಲಿ ತಡೆಯಬೇಕು,
ತಡೆದದ್ದು ತಿಳಿಯಬಾರದು.
ಮನೆ ಗುಡಿಸಿಲ್ಲ, ನೆಂಟರು ಬಂದು ನಿಂತಿದ್ದಾರೆ,
"ಚಿಲಕ ಸಿಕ್ಕಿಕೊಂಡಿದೆ, ತಡೀರಿ" ಅಂತ
ಒಳಗಿನಿಂದ ಕೂಗುವುದಿಲ್ಲವೇ, ಹಾಗೆ.
ಆ ಮೂರು ಹಲ್ಲೂ ಸುಳ್ಳು. ಉಸಿರೂ ಸುಳ್ಳು.

ಈ ಸರಣಿಯ ಬಾಗಿಲಾಚೆ ಏನೂ ಹುಟ್ಟಬೇಕಿಲ್ಲ.
ಬಡಗಿ ಕೋಣೆ ಕಟ್ಟಿ, ಬಣ್ಣ ಬಳಿದು, ಊಟಕ್ಕೆ ಹೋಗಿಯಾಗಿದೆ.
ಆದರೂ ನಾಲ್ಕು ಸೆಕೆಂಡು.
ಎಣಿಸಿದೆ. ಹಿಂದಕ್ಕೋಡಿಸಿ ಮತ್ತೆ ಎಣಿಸಿದೆ.
ಕುಂಟನ್ನು ಕದ್ದಿದ್ದಾರೆ,
ಕಾಲಿಗೆ ಚುಚ್ಚಿದ ಮುಳ್ಳನ್ನು ಕದ್ದಿಲ್ಲ.

ಫುಲ್ಜಾಂಸ್‌ಗೆ ಫೋನು ಮಾಡಿದೆ.
ಆಗ ನನ್ನ ಮೇಲಧಿಕಾರಿ, ಈಗ ರಿಮೂಸ್ಕಿಯಲ್ಲಿ ದೋಣಿ ರಿಪೇರಿ.
ನಕ್ಕ. "ಸೊಲಾಂಜ್, ಆ ಬಾಗಿಲು ನಿನಗೆ ಕೊಟ್ಟವನು ಯಾರು?
ಕೈ ಒರೆಸುವ ಕಾಗದದ ಮೇಲೆ ಗೀಚಿ ಕೊಟ್ಟಿದ್ದೆನಲ್ಲ.
ಅದು ಹಳೆಯ ಸರಣಿಯದು. ಈಗ ಹೊಸದಾಗಿ ತೆಗೆದಿದ್ದಾರಲ್ಲ, ಅದರದೇ ಮೂಲ.
ನನಗಾಗ ಒಂಬತ್ತು ವರ್ಷ, ಕಪ್ಪುಬಿಳುಪು ಟೀವಿ.
ಪ್ಲೈವುಡ್ ಬಾಗಿಲು, ಹಿಂದೊಬ್ಬ ಹಗ್ಗ ಹಿಡಿದು ಎಳೆಯುವವನು.
ತೇವಕ್ಕೆ ಉಬ್ಬಿ ಮೂರು ಕಡೆ ಸಿಕ್ಕಿಕೊಳ್ಳುತ್ತಿತ್ತು,
ಅದಕ್ಕೇ ಮೂರು ಜಗ್ಗು.
ಒಂದು ಕಂತಿನಲ್ಲಿ ಅವನ ಬೆರಳೂ ಕಂಡಿತ್ತು."

ನಿಜವೋ ಏನೋ. ಫುಲ್ಜಾಂಸ್ ಹಿಡಿದ ಮೀನೆಲ್ಲ ತಿಮಿಂಗಿಲವೇ.
ಆ ಹಳೆಯ ಟೇಪುಗಳ ಮೇಲೆ
ಯಾವುದೋ ಐಸ್ ಹಾಕಿ ಪಂದ್ಯ ಮುದ್ರಿಸಿಕೊಂಡರಂತೆ, ನೋಡಲಿಕ್ಕಿಲ್ಲ.
ನಿಜವಾದರೆ ಮಾತ್ರ ಲೆಕ್ಕ ಹೀಗೆ:
ಅಜ್ಜಿಯ ಬಳೆಯನ್ನೇ ಮೊಮ್ಮಗಳು
ಪಕ್ಕದ ಮನೆಯಿಂದ ಎರವಲು ತಂದು
ಹಬ್ಬಕ್ಕೆ ತೊಟ್ಟಿದ್ದಾಳೆ.
ಪಕ್ಕದ ಮನೆಯವಳು ನಾನು.
ನನ್ನ ಕೈ ಬರಿದು.

"ಕೇಸು ಹಾಕ್ತೀಯಾ?" ಆನ್ಸೆಲ್ಮನಿಗೆ ಆಸೆ.
ಕೊನೆಯ ಹೆಸರುಗಳು ಮೂಲೆಗೆ ಕುಗ್ಗಿ ಇರುವೆ ಸಾಲಿನಂತೆ ಏರಿದವು,
ಮೇಲೆ ಚಳಿಗಾಲದ ಟೈರಿನ ಜಾಹೀರಾತು.
ಕನ್ನಡಕ ತರುವಷ್ಟರಲ್ಲಿ ಮುಗಿಯಿತು.

ಮಲಗುವ ಮುಂಚೆ ಮತ್ತೊಮ್ಮೆ ಹಾಕಿದೆ,
ಈ ಸಲ ಬಾಗಿಲು ನೋಡಲಿಲ್ಲ.
ನಮ್ಮ ಆಟದಲ್ಲಿ ಕ್ಯಾಮೆರಾ ಸದಾ ಬೆನ್ನ ಹಿಂದೆ.
ಎರಡು ವರ್ಷ ನಾನು ನೋಡಿದ್ದು
ಒಂದು ಬೆನ್ನು, ಒಂದು ಹೆಲ್ಮೆಟ್ಟು, ಮುಚ್ಚಿದ ಬಾಗಿಲು.
ಇವರು ಬಾಗಿಲ ಕಡೆಯಿಂದ ನೋಡಿದ್ದಾರೆ.
ಮೊದಲ ಹಲ್ಲಿಗೆ ಅವಳು ಅಂಗೈಯನ್ನು ಚಲ್ಲಣಕ್ಕೆ ಒರೆಸಿಕೊಂಡಳು.
ಎರಡನೆಯದಕ್ಕೆ ಏನೋ ಹೇಳಹೊರಟು ನುಂಗಿದಳು.
ಮೂರನೆಯದಕ್ಕೆ ಮುಖವನ್ನು ಕ್ಯಾಪ್ಟನ್ನಿನದು ಮಾಡಿಕೊಂಡಳು.

ನಾನು ಮಾಡಿದ್ದು ತಡ.
ತಡದ ಒಳಗೆ ಒಬ್ಬಳು ನಿಂತಿದ್ದಳು, ಅದು ನನಗೆ ಗೊತ್ತಿರಲಿಲ್ಲ.

ಕೆಳಗೆ ಗಾಡಿ ಇನ್ನೊಂದು ಸುತ್ತು ಬಂತು.
ಆನ್ಸೆಲ್ಮ್ ಮನೆಗೆ ಹೊರಟ. ಬೀದಿಬಾಗಿಲು ಹೆಪ್ಪುಗಟ್ಟಿತ್ತು,
ಭುಜ ಕೊಟ್ಟು ನೂಕಿದ: ಒಂದು, ಎರಡು,
"ಎಣಿಸಬೇಡ ದೊಡ್ಡಮ್ಮಾ."